ಶಾಸನಸಭೆ ಒಂದು ಪಕ್ಷಕ್ಕೆ, ಗವರ್ನರ್ ಇನ್ನೊಂದಕ್ಕೆ: ಈ ತಕ್ಕಡಿ ಮತ ನಿಜಕ್ಕೂ ತೂಗುತ್ತಾ?

ತುಂಗಾತೀರ:
ನವೆಂಬರ್ 2026ರಲ್ಲಿ ಅಮೆರಿಕದ 36 ರಾಜ್ಯಗಳಲ್ಲಿ ಗವರ್ನರ್ ಚುನಾವಣೆ. ಪ್ರತಿ ಸಲವೂ ಕೇಳಿಬರುವ ಮಾತು ಒಂದೇ: "ಶಾಸನಸಭೆ ಹೇಗೂ ಅವರ ಕೈಲಿದೆ, ಗವರ್ನರಾದರೂ ಇವರ ಪಕ್ಷದವರಾಗಲಿ, ಒಂದು ಲಗಾಮು ಇರುತ್ತೆ." ಹಾಗೆ ಯೋಚಿಸಿ ಮತ ಹಾಕುವವರು ಇದ್ದಾರೆ ಅನ್ನೋದಕ್ಕೆ ಫಲಿತಾಂಶಗಳೇ ಸಾಕ್ಷಿ ಅನ್ನಿಸುತ್ತೆ. 2020ರಲ್ಲಿ ಟ್ರಂಪ್‌ಗೆ ಸುಮಾರು 26 ಶೇಕಡಾ ಅಂಶಗಳ ಮುನ್ನಡೆ ಕೊಟ್ಟ ಕೆಂಟಕಿ 2023ರಲ್ಲಿ ಡೆಮಾಕ್ರಟ್ ಆ್ಯಂಡಿ ಬೆಷಿಯರ್ ಅವರನ್ನು 5 ಅಂಶಗಳಿಂದ ಗೆಲ್ಲಿಸಿತು. ಅಪ್ಪಟ ಡೆಮಾಕ್ರಟ್ ರಾಜ್ಯ ವರ್ಮಾಂಟ್ 2024ರಲ್ಲಿ ರಿಪಬ್ಲಿಕನ್ ಫಿಲ್ ಸ್ಕಾಟ್‌ಗೆ ಶೇ 73 ಮತ ಕೊಟ್ಟಿತು.

ನನ್ನ ಪ್ರಶ್ನೆ ಸರಳ. ಹೀಗೆ ಗೆದ್ದ ಗವರ್ನರ್ ನಿಜಕ್ಕೂ ಏನನ್ನಾದರೂ ತಡೆಯಬಲ್ಲರೇ? ಯಾವ ರಾಜ್ಯದಲ್ಲಿ ಹೌದು, ಯಾವುದರಲ್ಲಿ ಬರೀ ಸಮಾಧಾನ? ಸಂಖ್ಯೆ ಸಮೇತ ಬರೆಯಿರಿ.

(ಇಲ್ಲಿ "ರಾಜ್ಯಪಾಲ" ಪದ ಬೇಡ. ನಮ್ಮ ರಾಜ್ಯಪಾಲರನ್ನು ರಾಷ್ಟ್ರಪತಿ ನೇಮಿಸುತ್ತಾರೆ, ಅವರ ಗವರ್ನರನ್ನು ಜನ ಆರಿಸುತ್ತಾರೆ. ಕೆಲಸ ನೋಡಿದರೆ ನಮ್ಮ ಮುಖ್ಯಮಂತ್ರಿಗೆ ಹತ್ತಿರ, ಆದರೆ ಸದನದ ಬಹುಮತ ಇಲ್ಲದೆಯೂ ಪೂರ್ತಿ ಅವಧಿ ಕೂರಬಲ್ಲ ಮುಖ್ಯಮಂತ್ರಿ.)

ಲೆಕ್ಕದಮೇಷ್ಟ್ರು:
ಅಭ್ಯರ್ಥಿಯ ಮುಖ ನೋಡುವ ಮೊದಲು ಎರಡು ಸಂಖ್ಯೆ ನೋಡಿ: ವೀಟೊ (ಪಾಸಾದ ಮಸೂದೆಗೆ ಗವರ್ನರ್ ಹಾಕುವ ತಡೆ) ಮುರಿಯಲು ಎಷ್ಟು ಮತ ಬೇಕು, ಎದುರು ಪಕ್ಷದ ಬಳಿ ಈಗ ಎಷ್ಟಿದೆ.

ಬಹುತೇಕ ರಾಜ್ಯಗಳಲ್ಲಿ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಬೇಕು. ಏಳು ರಾಜ್ಯಗಳಲ್ಲಿ ಐದನೇ ಮೂರರಷ್ಟು ಸಾಕು: ಡೆಲವೇರ್, ಇಲಿನಾಯ್, ಮೇರಿಲ್ಯಾಂಡ್, ನೆಬ್ರಾಸ್ಕ (ಅಲ್ಲಿ ಇರೋದೇ ಒಂದು ಸದನ), ನಾರ್ತ್ ಕೆರೊಲಿನ, ಒಹಾಯೊ, ರೋಡ್ ಐಲೆಂಡ್. ಇನ್ನು ಆರು ರಾಜ್ಯಗಳಲ್ಲಿ ಸಾದಾ ಬಹುಮತವೇ ಸಾಕು: ಅಲಬಾಮ, ಆರ್ಕನ್ಸಾ, ಇಂಡಿಯಾನ, ಕೆಂಟಕಿ, ಟೆನಿಸಿ, ವೆಸ್ಟ್ ವರ್ಜೀನಿಯ. ಅಂದರೆ ಮಸೂದೆ ಪಾಸು ಮಾಡಿದ ಅದೇ ಮತಗಳು ವೀಟೊವನ್ನೂ ಮುರಿಯುತ್ತವೆ. ಅಲ್ಲಿ ವೀಟೊ ಅಂದರೆ "ಇನ್ನೊಂದ್ಸಲ ಯೋಚಿಸಿ" ಅಂತ ಬರೆದ ಕಾಗದ, ಅಷ್ಟೆ.

ಹೆಚ್ಚಿನವರು ಮರೆಯುವ ವಿಷಯ ಇನ್ನೊಂದಿದೆ. ವೀಟೊ ಮುರಿಯಲು ಎರಡೂ ಸದನ ಬೇಕು, ಉಳಿಸಲು ಒಂದೇ ಸದನ ಸಾಕು. ಹಾಗಾಗಿ ಗವರ್ನರ್ ಪಕ್ಷಕ್ಕೆ ಬೇಕಿರುವುದು ಬಹುಮತವಲ್ಲ, ಯಾವುದಾದರೂ ಒಂದು ಸದನದಲ್ಲಿ ತಡೆಗೋಡೆ. ಎಲ್ಲರೂ ಹಾಜರಿದ್ದಾರೆ ಅಂದುಕೊಂಡರೆ:

ಕ್ಯಾನ್ಸಸ್: ಕೆಳಮನೆ 125ರಲ್ಲಿ 42, ಅಥವಾ ಸೆನೆಟ್ (ಮೇಲ್ಮನೆ) 40ರಲ್ಲಿ 14.
ನಾರ್ತ್ ಕೆರೊಲಿನ: 120ರಲ್ಲಿ 49, ಅಥವಾ 50ರಲ್ಲಿ 21.
ವರ್ಮಾಂಟ್: 150ರಲ್ಲಿ 51, ಅಥವಾ 30ರಲ್ಲಿ 11.
ಮೇರಿಲ್ಯಾಂಡ್: 141ರಲ್ಲಿ 57, ಅಥವಾ 47ರಲ್ಲಿ 19.
ಮ್ಯಾಸಚೂಸೆಟ್ಸ್: 160ರಲ್ಲಿ 54, ಅಥವಾ 40ರಲ್ಲಿ 14.
ಕೆಂಟಕಿ: 100ರಲ್ಲಿ 50, ಅಥವಾ 38ರಲ್ಲಿ 19.

ಈಗ ಬೆಷಿಯರ್ ಕಡೆ ನೋಡಿ. 100ರಲ್ಲಿ 80, 38ರಲ್ಲಿ 32 ರಿಪಬ್ಲಿಕನ್ನರು. ವೀಟೊ ಲೆಕ್ಕದಲ್ಲಿ ಅವರು ಹಲ್ಲು ಕಿತ್ತ ಹಾವು.

ಎಡಬಿಡಂಗಿ:
ಹಾಗಾದರೆ ಕೆಂಟಕಿಯವರು ಎರಡು ಸಲ ಬೆಷಿಯರ್‌ರನ್ನು ಆರಿಸಿದ್ದು ಯಾಕೆ? ತಕ್ಕಡಿ ತೂಗಲ್ಲ ಅಂತ ಅವರಿಗೆ ಗೊತ್ತಿರಲಿಲ್ವಾ?

ಬೆಟ್ಟದಹೂ:
2019ರಲ್ಲಿ ಅವರಿಗೆ ಬೇಕಾಗಿದ್ದು ತಕ್ಕಡಿಯಲ್ಲ, ಆಗಿನ ರಿಪಬ್ಲಿಕನ್ ಗವರ್ನರ್ ಮ್ಯಾಟ್ ಬೆವಿನ್ ಹೋಗಬೇಕಿತ್ತು. ಶಿಕ್ಷಕರ ಪಿಂಚಣಿ ಜಗಳ ನೆನಪಿಸಿಕೊಳ್ಳಿ. 2018ರ ಮಾರ್ಚ್‌ನಲ್ಲಿ ಕೊಳಚೆ ನೀರಿನ ಬಗೆಗಿನ 11 ಪುಟಗಳ ಮಸೂದೆಯ ಹೊಟ್ಟೆ ಬಗೆದು, 291 ಪುಟಗಳ ಪಿಂಚಣಿ ಮಸೂದೆ ತುರುಕಿ, ಒಂದೇ ದಿನದಲ್ಲಿ ಪಾಸು ಮಾಡಿದರು. ಜನ ಅದಕ್ಕೆ "ಚರಂಡಿ ಬಿಲ್" ಅಂತಲೇ ಹೆಸರಿಟ್ಟರು. ಕೋರ್ಟಿಗೆ ಹೋದವರು ಆಗಿನ ಅಟಾರ್ನಿ ಜನರಲ್ ಬೆಷಿಯರ್. ಸಂವಿಧಾನ ಹೇಳಿದಂತೆ ಮೂರು ಬಾರಿ ಓದಲಿಲ್ಲ ಅಂತ ಅದೇ ಡಿಸೆಂಬರಿನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು. ಮರುವರ್ಷ ಬೆಷಿಯರ್ ಗೆದ್ದಿದ್ದು ಸುಮಾರು 5,000 ಮತಗಳಿಂದ. ಅದೇ ದಿನ, ಅದೇ ಮತಪತ್ರದಲ್ಲಿ ರಾಜ್ಯಮಟ್ಟದ ಉಳಿದ ಎಲ್ಲ ಹುದ್ದೆಗಳೂ ರಿಪಬ್ಲಿಕನ್ನರಿಗೆ ಹೋದವು.

ಇದನ್ನು "ಸಮತೋಲನ ಬಯಸಿದ ಮತದಾರ" ಅಂತ ಓದಬಹುದು, "ಒಬ್ಬ ವ್ಯಕ್ತಿಯ ಮೇಲಿನ ಸಿಟ್ಟು" ಅಂತಲೂ ಓದಬಹುದು. ನಾನು ಎರಡನೆಯದರ ಕಡೆ.

ಲೆಕ್ಕದಮೇಷ್ಟ್ರು:
ಬೆಟ್ಟದಹೂ ಹೇಳಿದ್ದು ಹಳೆಯ ಜಗಳ. ರಾಜಕೀಯ ವಿಜ್ಞಾನಿ ಮೋರಿಸ್ ಫಿಯೊರಿನಾ, ಅರ್ಥಶಾಸ್ತ್ರಜ್ಞ ಅಲ್ಬರ್ಟೊ ಅಲೆಸೀನಾ ಮೊದಲಾದವರ ವಾದ ಏನೆಂದರೆ, ಎರಡೂ ಪಕ್ಷಗಳು ತನಗಿಂತ ಅತಿರೇಕ ಅಂತ ಕಾಣುವ ನಡುದಾರಿಯ ಮತದಾರ ಬೇಕೆಂದೇ ಒಂದು ಹುದ್ದೆ ಇವರಿಗೆ, ಒಂದು ಅವರಿಗೆ ಕೊಟ್ಟು ಮಧ್ಯದ ನೀತಿ ಪಡೆಯುತ್ತಾನೆ. ಎದುರು ವಾದ: ಮತದಾರ ಅಷ್ಟೆಲ್ಲ ಲೆಕ್ಕ ಹಾಕಲ್ಲ; ಕ್ಷೇತ್ರದ ಹಾಲಿ ಶಾಸಕ ಪರಿಚಿತ, ಗವರ್ನರ್ ಅಭ್ಯರ್ಥಿ ಒಳ್ಳೆಯವನು, ಎರಡೂ ಸೇರಿ ಆಕಸ್ಮಿಕವಾಗಿ ಒಡಕು ಸರ್ಕಾರ ಬರುತ್ತದೆ. ಬರೀ ಫಲಿತಾಂಶ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ, ಅದೇ ತೊಂದರೆ.

ದಕ್ಷಿಣಾಯನ:
ಎರಡನ್ನೂ ಬೇರ್ಪಡಿಸಲು ಒಂದು ಚುನಾವಣೆ ಇದೆ: ಲೂಯಿಸಿಯಾನ 2019. ಅಲ್ಲಿ ಎಲ್ಲ ಪಕ್ಷದವರೂ ಒಂದೇ ಮೊದಲ ಸುತ್ತಿನಲ್ಲಿ ನಿಲ್ಲುತ್ತಾರೆ, ಯಾರಿಗೂ ಅರ್ಧ ದಾಟದಿದ್ದರೆ ಎರಡನೇ ಸುತ್ತು. ಅಕ್ಟೋಬರ್ 12ರ ಮೊದಲ ಸುತ್ತಿನಲ್ಲಿ ಡೆಮಾಕ್ರಟ್ ಗವರ್ನರ್ ಜಾನ್ ಬೆಲ್ ಎಡ್ವರ್ಡ್ಸ್‌ಗೆ ಶೇ 46.6 ಮಾತ್ರ ಬಂತು. ಅದೇ ದಿನ ರಿಪಬ್ಲಿಕನ್ನರು 39ರ ಸೆನೆಟ್‌ನಲ್ಲಿ ಮೂರನೇ ಎರಡರಷ್ಟನ್ನು ದಾಟಿ, 105ರ ಕೆಳಮನೆಯಲ್ಲಿ ಅದರ ಹೊಸ್ತಿಲಿಗೆ ಬಂದು ನಿಂತರು. ಅಂದರೆ ಎರಡನೇ ಸುತ್ತಿಗೆ ಹೋಗುವ ಮತದಾರನಿಗೆ ಶಾಸನಸಭೆ ಯಾರ ಕೈಲಿರುತ್ತದೆ ಅನ್ನೋದು ಊಹೆಯಲ್ಲ, ಗೊತ್ತಿರುವ ಸಂಗತಿ. ನವೆಂಬರ್ 16ರಂದು ಎಡ್ವರ್ಡ್ಸ್ ಶೇ 51.3 ಪಡೆದು ಗೆದ್ದರು. ಕೆಳಮನೆಯಲ್ಲಿ ರಿಪಬ್ಲಿಕನ್ನರು 68ಕ್ಕೆ ನಿಂತರು, ಬೇಕಿದ್ದದ್ದು 70.

ತಕ್ಕಡಿ ವಾದಕ್ಕೆ ಇದಕ್ಕಿಂತ ಚೆಂದದ ಉದಾಹರಣೆ ನನ್ನ ಕಣ್ಣಿಗೆ ಬಿದ್ದಿಲ್ಲ. ಆದರೆ ಪೂರ್ತಿ ಪುರಾವೆಯೂ ಅಲ್ಲ. ಎರಡನೇ ಸುತ್ತಿಗೆ ಮೊದಲಿಗಿಂತ ಹೆಚ್ಚು ಜನ ಬಂದಿದ್ದರು, ಅದರಲ್ಲೂ ನ್ಯೂ ಆರ್ಲಿಯನ್ಸ್ ಕಡೆಯಿಂದ. ಅವೇ ಮತದಾರರು ಮನಸ್ಸು ಬದಲಿಸಿದರೋ, ಬೇರೆ ಮತದಾರರು ಬಂದರೋ?

ಆ ಎರಡು ಸೀಟುಗಳ ಬೆಲೆ ಮುಂದೆ ತಿಳಿಯಿತು. 2022ರ ಮಾರ್ಚ್‌ನಲ್ಲಿ ಕಾಂಗ್ರೆಸ್ (ದೇಶದ ಸಂಸತ್ತು) ಕ್ಷೇತ್ರಗಳ ನಕ್ಷೆಗೆ ಎಡ್ವರ್ಡ್ಸ್ ಹಾಕಿದ ವೀಟೊ ಮುರಿಯಲು ರಿಪಬ್ಲಿಕನ್ನರು ತಮ್ಮದಲ್ಲದ ಮತಗಳನ್ನೂ ಹೊಂದಿಸಬೇಕಾಯಿತು, ಹೊಂದಿಸಿದರು ಕೂಡ. 2023ರಲ್ಲಿ ಹಿರಿಯ ಶಾಸಕ ಫ್ರಾನ್ಸಿಸ್ ಥಾಂಪ್ಸನ್ ಡೆಮಾಕ್ರಟಿಕ್ ಪಕ್ಷ ಬಿಟ್ಟು ಆಚೆ ಹೋದಾಗ ಗೋಡೆ ಪೂರ್ತಿ ಬಿತ್ತು.

ಎಡಬಿಡಂಗಿ:
ಪಕ್ಷಾಂತರ ಅಲ್ಲೂ ಉಂಟಾ! ನಿಷೇಧ ಕಾಯ್ದೆ ಇಲ್ವಾ?

ದಕ್ಷಿಣಾಯನ:
ಇಲ್ಲ. ನಮ್ಮ ಹತ್ತನೇ ಪರಿಚ್ಛೇದದಂಥದ್ದು ಅಲ್ಲಿಲ್ಲ. ಪಕ್ಷ ಬದಲಿಸಿದರೂ ಸೀಟು ಉಳಿಯುತ್ತೆ, ರಿಸಾರ್ಟಿನ ಖರ್ಚೂ ಇಲ್ಲ. ನಾರ್ತ್ ಕೆರೊಲಿನದಲ್ಲಿ ಅದೇ ಆಯಿತು. 2022ರ ಚುನಾವಣೆಯಲ್ಲಿ ರಿಪಬ್ಲಿಕನ್ನರಿಗೆ ಸೆನೆಟ್‌ನಲ್ಲಿ ಬೇಕಿದ್ದ 30 ಸಿಕ್ಕಿತು, ಕೆಳಮನೆಯಲ್ಲಿ 71, ಬೇಕಿದ್ದದ್ದಕ್ಕಿಂತ ಒಂದು ಕಡಿಮೆ. 2023ರ ಏಪ್ರಿಲ್‌ನಲ್ಲಿ ಡೆಮಾಕ್ರಟ್ ಶಾಸಕಿ ಟ್ರಿಶಿಯಾ ಕಾಥಮ್ ಪಕ್ಷ ಬದಲಿಸಿದರು, 72 ಆಯಿತು. ಮೇ ತಿಂಗಳಲ್ಲಿ 12 ವಾರಗಳ ಗರ್ಭಪಾತ ಮಿತಿಗೆ ಡೆಮಾಕ್ರಟ್ ಗವರ್ನರ್ ರಾಯ್ ಕೂಪರ್ ಹಾಕಿದ ವೀಟೊ ಬಿತ್ತು. ಆ ವರ್ಷ ಅವರು ಹಾಕಿದ 19 ವೀಟೊಗಳೂ ಬಿದ್ದವು. 2019ರಿಂದ 2022ರವರೆಗೆ ಒಂದೂ ಬಿದ್ದಿರಲಿಲ್ಲ. ಗವರ್ನರ್ ಅದೇ, ಅಧಿಕಾರ ಅದೇ, ಸಂವಿಧಾನ ಅದೇ. ಬದಲಾದದ್ದು ಸದನದ ಕೆಲವು ಕುರ್ಚಿ.

"ಹಾಜರಿದ್ದವರಲ್ಲಿ" ಅನ್ನೋ ಪದದ ಬಗ್ಗೆಯೂ ಎಚ್ಚರ ಬೇಕು. ನಾರ್ತ್ ಕೆರೊಲಿನದಲ್ಲಿ ಐದನೇ ಮೂರು ಅಂದರೆ ಹಾಜರಿದ್ದು ಮತ ಹಾಕಿದವರ ಲೆಕ್ಕ. 2019ರ ಸೆಪ್ಟೆಂಬರ್ 11ರ ಬೆಳಿಗ್ಗೆ ಬಹಳಷ್ಟು ಡೆಮಾಕ್ರಟರು ಸದನದಲ್ಲಿ ಇರಲಿಲ್ಲ, ಆ ಹೊತ್ತಿನಲ್ಲಿ ಮತ ನಡೀಬಹುದು ಅನ್ನೋ ನಿರೀಕ್ಷೆಯೇ ಅವರಿಗಿರಲಿಲ್ಲ. ಕೆಳಮನೆ ಬಜೆಟ್ ವೀಟೊವನ್ನು 55-9ರಲ್ಲಿ ಮುರಿದೇಬಿಟ್ಟಿತು. ಸೆನೆಟ್ ಅದನ್ನು ಕೈಗೆತ್ತಿಕೊಳ್ಳದ ಕಾರಣ ಬಜೆಟ್ ಅಲ್ಲಿಗೇ ನಿಂತಿತು.

ಧಾರವಾಡಪೇಡೆ:
ಲೆಕ್ಕ ಎಲ್ಲಾ ಖರೆ. ಆದ್ರ ವಿಸ್ಕಾನ್ಸಿನ್ ಮಾತ ಬ್ಯಾರೆ ಐತಿ. ಅಲ್ಲಿ ಗವರ್ನರ್‌ಗ ಖರ್ಚಿನ ಮಸೂದಿಯೊಳಗ ಬೇಕಾದ ಭಾಗ ಅಷ್ಟ ಹೊಡದು ಹಾಕೋ ಅಧಿಕಾರ ಐತಿ, ದೇಶದಾಗ ಅಂಥಾದ್ದು ಎಲ್ಲೂ ಇಲ್ಲ. ಮೊದಲ ಒಂದೊಂದ ಅಕ್ಷರ ಹೊಡದು ಹೊಸಾ ಶಬ್ದಾನ ಕಟ್ಟತಿದ್ರು. ಅದನ್ನ 1990ರಾಗ ಬಂದ್ ಮಾಡಿದ್ರು. ಆಮ್ಯಾಲೆ ಎರಡ ವಾಕ್ಯ ತುಂಡ ಮಾಡಿ ಹೊಲದು ಒಂದ ವಾಕ್ಯ ಮಾಡೋದು ಸುರು ಆತು. ಅದನ್ನ 2008ರಾಗ ಬಂದ್ ಮಾಡಿದ್ರು. ಅಂಕಿ ಹೊಡೀಬಾರದು ಅಂತ ಯಾರೂ ಬರದಿರಲಿಲ್ಲ ನೋಡ್ರಿ!

2023ರ ಬಜೆಟ್‌ನಾಗ ಸಾಲಿಗೆ ಪ್ರತಿ ಹುಡುಗಗ 325 ಡಾಲರ್ ಹೆಚ್ಚ ಮಾಡಾಕ "2024-25" ತನಕ ಅಂತಿತ್ತು. ಡೆಮಾಕ್ರಟ್ ಗವರ್ನರ್ ಟೋನಿ ಎವರ್ಸ್ "20" ಹೊಡದ್ರು, ನಡುವಿನ ಗೆರಿ ಹೊಡದ್ರು. ಉಳದದ್ದು 2425. ಎರಡ ವರ್ಷದ ಹೆಚ್ಚಳ 400 ವರ್ಷದ್ದಾತು. 2025ರ ಏಪ್ರಿಲ್‌ನಾಗ ರಾಜ್ಯದ ಸುಪ್ರೀಂ ಕೋರ್ಟ್ 4-3ರಿಂದ ಅದನ್ನ ಎತ್ತಿಹಿಡೀತು.

ಅದಕ್ಕ ಹೇಳೂದು, ಬರೇ ಸೀಟ್ ಎಣಿಸಬ್ಯಾಡ್ರಿ, ಪೆನ್ನಿನ ಉದ್ದಾನೂ ಅಳೀರಿ.

ಲೆಕ್ಕದಮೇಷ್ಟ್ರು:
ಒಪ್ಪಿದೆ. 44 ರಾಜ್ಯಗಳಲ್ಲಿ ಗವರ್ನರಿಗೆ ಬಜೆಟ್ಟಿನ ಒಂದೊಂದು ಬಾಬ್ತನ್ನು ಪ್ರತ್ಯೇಕವಾಗಿ ತೆಗೆಯುವ ವೀಟೊ ಇದೆ. ಇಲ್ಲದ ಆರು: ಇಂಡಿಯಾನ, ನೆವಾಡ, ನ್ಯೂ ಹ್ಯಾಂಪ್‌ಷೈರ್, ನಾರ್ತ್ ಕೆರೊಲಿನ, ರೋಡ್ ಐಲೆಂಡ್, ವರ್ಮಾಂಟ್. ಅಲ್ಲಿ ಬಜೆಟ್ ಬಂದರೆ ಪೂರ್ತಿ ನುಂಗಬೇಕು, ಇಲ್ಲವೇ ಪೂರ್ತಿ ಉಗುಳಬೇಕು. ಎದುರು ಪಕ್ಷ ತನಗೆ ಬೇಕಾದದ್ದನ್ನೆಲ್ಲ ಬಜೆಟ್ಟಿನ ಮೂಟೆಯಲ್ಲಿ ಕಟ್ಟಿ ಕಳಿಸಿದರೆ ಗವರ್ನರಿಗೆ ಪೇಚು.

ನಾರ್ತ್ ಕೆರೊಲಿನದ ಗವರ್ನರಿಗೆ ವೀಟೊ ಸಿಕ್ಕಿದ್ದೇ 1996ರ ಜನಮತದಿಂದ, ಎಲ್ಲ ರಾಜ್ಯಗಳಿಗಿಂತ ಕೊನೆಗೆ. ಅದೂ ಕ್ಷೇತ್ರ ವಿಂಗಡಣೆಯ ನಕ್ಷೆಗಳಿಗೆ ಅನ್ವಯಿಸುವುದಿಲ್ಲ. "ನಕ್ಷೆ ತಡೆಯಲಿ ಅಂತ ಗವರ್ನರನ್ನು ಆರಿಸುತ್ತೇವೆ" ಅಂತ ಅಲ್ಲಿ ಯಾರಾದರೂ ಹೇಳಿದರೆ ಅವರು ಬೇರೆ ರಾಜ್ಯದ ಭಾಷಣ ಕೇಳಿ ಬಂದಿದ್ದಾರೆ.

ಬೆಟ್ಟದಹೂ:
ವೀಟೊ ಒಂದನ್ನೇ ಹಿಡಿದು ಕೂತಿದ್ದೀರಿ. ಗವರ್ನರ್ ತಾನಾಗಿಯೇ ಮಾಡಬಹುದಾದ ಕೆಲಸಗಳಿಲ್ಲವೇ? ಎಡ್ವರ್ಡ್ಸ್ 2016ರ ಜನವರಿಯಲ್ಲಿ ಅಧಿಕಾರ ಹಿಡಿದ ಮರುದಿನವೇ ಆದೇಶ ಹೊರಡಿಸಿ ಮೆಡಿಕೇಡ್ (ಬಡವರ ಸರ್ಕಾರಿ ಆರೋಗ್ಯ ವಿಮೆ) ವಿಸ್ತರಿಸಿದರು, ಶಾಸನಸಭೆಯ ಮತ ಬೇಕಾಗಲಿಲ್ಲ. ಕೆಂಟಕಿಯಲ್ಲಿ 2013ರಲ್ಲಿ ಈಗಿನ ಗವರ್ನರ ತಂದೆ ಸ್ಟೀವ್ ಬೆಷಿಯರ್ ಕೂಡ ಆದೇಶದಿಂದಲೇ ಮಾಡಿದ್ದು. ಬಡವರ ಕೈಗೆ ಆರೋಗ್ಯ ವಿಮೆ ಬಂತೋ ಇಲ್ಲವೋ ಅನ್ನೋದು ಯಾವ ಸೀಟು ಲೆಕ್ಕಕ್ಕಿಂತ ದೊಡ್ಡ ವಿಷಯ.

ದಕ್ಷಿಣಾಯನ:
ಅದಕ್ಕೇ ಬೇರೆ ರಾಜ್ಯಗಳು ಮೊದಲೇ ಬಾಗಿಲು ಹಾಕಿದವು. ನಾರ್ತ್ ಕೆರೊಲಿನ 2013ರಲ್ಲಿ, ಕ್ಯಾನ್ಸಸ್ 2014ರಲ್ಲಿ, ಶಾಸನಸಭೆಯ ಒಪ್ಪಿಗೆ ಇಲ್ಲದೆ ಮೆಡಿಕೇಡ್ ವಿಸ್ತರಿಸುವಂತಿಲ್ಲ ಅಂತ ಕಾನೂನು ಮಾಡಿದವು. ಕೂಪರ್ ಆರು ವರ್ಷ ಕಾದು, 2023ರ ಮಾರ್ಚ್‌ನಲ್ಲಿ ರಿಪಬ್ಲಿಕನ್ ಶಾಸನಸಭೆಯೇ ಒಪ್ಪಿದ ಮೇಲೆ ಸಹಿ ಹಾಕಿದರು. ಕ್ಯಾನ್ಸಸ್‌ನ ಡೆಮಾಕ್ರಟ್ ಗವರ್ನರ್ ಲಾರಾ ಕೆಲಿ 2018ರಲ್ಲೂ 2022ರಲ್ಲೂ ಗೆದ್ದರು, ವಿಸ್ತರಣೆ ಇವತ್ತಿಗೂ ಆಗಿಲ್ಲ. ಆದೇಶದ ದಾರಿ ತೆರೆದಿದೆಯೋ ಮುಚ್ಚಿದೆಯೋ ಅನ್ನೋದು ರಾಜ್ಯದ ಕಾನೂನಿನಲ್ಲಿರುತ್ತೆ, ಅಭ್ಯರ್ಥಿಯ ಪ್ರಣಾಳಿಕೆಯಲ್ಲಿ ಅಲ್ಲ.

ಇನ್ನೂ ಒಂದು. ಗೆದ್ದ ಮೇಲೆ, ಪ್ರಮಾಣವಚನದ ಒಳಗೆ, ಅಧಿಕಾರವನ್ನೇ ಕತ್ತರಿಸುವ ಪದ್ಧತಿ ಇದೆ. 2016ರ ಡಿಸೆಂಬರಿನಲ್ಲಿ ನಾರ್ತ್ ಕೆರೊಲಿನ ಶಾಸನಸಭೆ ವಿಶೇಷ ಅಧಿವೇಶನ ಕರೆದು, ಗವರ್ನರ್ ತಮ್ಮ ಇಷ್ಟದವರನ್ನು ಕೂರಿಸಬಹುದಾದ ಹುದ್ದೆಗಳನ್ನು 1,500ರಿಂದ 425ಕ್ಕೆ ಇಳಿಸಿತು. 2018ರ ಡಿಸೆಂಬರಿನಲ್ಲಿ ವಿಸ್ಕಾನ್ಸಿನ್‌ನಲ್ಲೂ ಅದೇ ಕಥೆ, ಸೋತ ರಿಪಬ್ಲಿಕನ್ ಗವರ್ನರ್ ಸ್ಕಾಟ್ ವಾಕರ್ ಹೋಗುವ ಮುನ್ನ ಸಹಿ ಹಾಕಿದರು. 2024ರ ಡಿಸೆಂಬರಿನಲ್ಲಿ ಮತ್ತೆ ನಾರ್ತ್ ಕೆರೊಲಿನ: ಹೆಲೀನ್ ಚಂಡಮಾರುತದ ಪರಿಹಾರದ ಹೆಸರು ಹೊತ್ತ ಮಸೂದೆಯಲ್ಲಿ, ಚುನಾವಣಾ ಮಂಡಳಿಯನ್ನು ನೇಮಿಸುವ ಅಧಿಕಾರವನ್ನು ಗವರ್ನರ್ ಕೈಯಿಂದ ಕಿತ್ತು ಹೊಸದಾಗಿ ಗೆದ್ದ ರಿಪಬ್ಲಿಕನ್ ಆಡಿಟರ್ ಕೈಗೆ ಕೊಟ್ಟರು. ಜನವರಿಯಲ್ಲಿ 72 ಹೋಗಿ 71 ಆಗುವುದಿತ್ತು. ಆ ಒಂದು ಸೀಟು ಕೈಲಿದ್ದಾಗಲೇ ಮುಗಿಸಿಕೊಂಡರು.

ತುಂಗಾತೀರ:
ಇದು ಒಂದೇ ಪಕ್ಷದ ಚಾಳಿಯೇ?

ದಕ್ಷಿಣಾಯನ:
ಖಂಡಿತ ಅಲ್ಲ. ಮ್ಯಾಸಚೂಸೆಟ್ಸ್ ನೋಡಿ. 2004ರಲ್ಲಿ ಜಾನ್ ಕೆರಿ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದರು. ಗೆದ್ದರೆ ವಾಷಿಂಗ್ಟನ್‌ನಲ್ಲಿ ಅವರಿಗಿದ್ದ ಸೆನೆಟ್ ಸೀಟನ್ನು ರಿಪಬ್ಲಿಕನ್ ಗವರ್ನರ್ ಮಿಟ್ ರಾಮ್ನಿ ತುಂಬುತ್ತಾರೆ ಅಂತ ಡೆಮಾಕ್ರಟ್ ಶಾಸನಸಭೆ ಆ ನೇಮಕಾಧಿಕಾರವನ್ನೇ ತೆಗೆದುಹಾಕಿತು. 2009ರಲ್ಲಿ ಅದೇ ರಾಜ್ಯದ ಇನ್ನೊಬ್ಬ ಸೆನೆಟರ್ ಟೆಡ್ ಕೆನಡಿ ತೀರಿಕೊಂಡರು, ಆಗ ಗವರ್ನರ್ ಡೆಮಾಕ್ರಟ್ ಡೆವಾಲ್ ಪ್ಯಾಟ್ರಿಕ್. ಅದೇ ಶಾಸನಸಭೆ ತಾತ್ಕಾಲಿಕ ನೇಮಕದ ಅಧಿಕಾರ ವಾಪಸ್ ಕೊಟ್ಟಿತು. ಐದೇ ವರ್ಷ.

ಮಂಜಿನಮನೆ:
ಮ್ಯಾಸಚೂಸೆಟ್ಸ್ ಹೆಸರು ಬಂದದ್ದಕ್ಕೆ. 1991ರಿಂದ 2007ರವರೆಗೆ ಸತತ 16 ವರ್ಷ ರಿಪಬ್ಲಿಕನ್ ಗವರ್ನರ್‌ಗಳು, ಆಮೇಲೆ 2015ರಿಂದ 2023ರವರೆಗೆ ಚಾರ್ಲಿ ಬೇಕರ್. ಶಾಸನಸಭೆ ಪೂರ್ತಿ ಡೆಮಾಕ್ರಟರದ್ದು. 2018ರಲ್ಲಿ ಬೇಕರ್‌ಗೆ ಸುಮಾರು ಶೇ 67. ಅದೇ ಮತಪತ್ರದಲ್ಲಿ ಅಮೆರಿಕದ ಸೆನೆಟ್‌ಗೆ ನಿಂತ ಡೆಮಾಕ್ರಟ್ ಎಲಿಜಬೆತ್ ವಾರನ್‌ಗೆ ಶೇ 60. ಅಂದರೆ ನಾಲ್ವರಲ್ಲಿ ಒಬ್ಬರಾದರೂ ಎರಡಕ್ಕೂ ಒತ್ತಿದ್ದಾರೆ. ಬೀಕನ್ ಹಿಲ್ (ಅಲ್ಲಿನ ಶಾಸನಸಭೆ ಇರುವ ಜಾಗ) ಮೇಲೆ ಒಬ್ಬ ಕಾವಲುಗಾರ ಇರಲಿ ಅನ್ನುವ ಮಾತು ಅಲ್ಲಿನ ರಿಪಬ್ಲಿಕನ್ ಪ್ರಚಾರದ ಹಳೇ ಪಲ್ಲವಿ.

ಆದರೆ ಕಾವಲುಗಾರನ ಕೈಯಲ್ಲಿ ಲಾಠಿ ಇದ್ದದ್ದು ಎರಡೇ ವರ್ಷ. 1990ರಲ್ಲಿ ವಿಲಿಯಂ ವೆಲ್ಡ್ ಜೊತೆ 16 ರಿಪಬ್ಲಿಕನ್ ಸೆನೆಟರ್‌ಗಳು ಬಂದರು, ಮೇಲೆ ಹೇಳಿದ 14ಕ್ಕಿಂತ ಹೆಚ್ಚು. 1992ರಲ್ಲಿ ಅದು ಕರಗಿತು. ರಾಮ್ನಿ 2004ರಲ್ಲಿ ನೂರಕ್ಕೂ ಹೆಚ್ಚು ಅಭ್ಯರ್ಥಿಗಳನ್ನು ನಿಲ್ಲಿಸಿದರು, ಸೀಟು ಇನ್ನೂ ಇಳಿಯಿತು. ಅವರ ಅವಧಿಯ ಸುಮಾರು 800 ವೀಟೊಗಳಲ್ಲಿ ಬಹುಪಾಲು ಮುರಿಯಲಾಯಿತು.

ಮೇರಿಲ್ಯಾಂಡ್‌ನ ರಿಪಬ್ಲಿಕನ್ ಗವರ್ನರ್ ಆಗಿದ್ದ ಲ್ಯಾರಿ ಹೋಗನ್ ಕೂಡ ಹೀಗೇ. 2018ರಲ್ಲಿ ಶೇ 55 ಪಡೆದರು. "ಇನ್ನು ಐದು ಸೆನೆಟ್ ಸೀಟು ಕೊಡಿ, 14ರಿಂದ 19ಕ್ಕೆ ಹೋಗೋಣ, ವೀಟೊ ನಿಲ್ಲುತ್ತೆ" ಅಂತ ಪಕ್ಷ ಅಭಿಯಾನವನ್ನೇ ಮಾಡಿತು. ಸಿಕ್ಕಿದ್ದು ಒಂದು. ಗವರ್ನರ್‌ಗೆ ಕೊಟ್ಟ ಮತ ಕೆಳಗಿನ ಸಾಲಿಗೆ ಇಳಿಯಲಿಲ್ಲ.

ಆದರೂ ಹೋಗನ್ ಪೂರಾ ನಿಶ್ಶಕ್ತರಾಗಿರಲಿಲ್ಲ, ಕಾರಣ ಬಜೆಟ್. ಮೇರಿಲ್ಯಾಂಡ್‌ನಲ್ಲಿ ಗವರ್ನರ್ ಕೊಟ್ಟ ಬಜೆಟ್ಟಿನಲ್ಲಿ ಶಾಸನಸಭೆ ಕಡಿತ ಮಾಡಬಹುದಿತ್ತೇ ಹೊರತು ತನಗೆ ಬೇಕಾದ ಕಡೆ ಹಣ ಸೇರಿಸುವಂತಿರಲಿಲ್ಲ. 2020ರಲ್ಲಿ ಮತದಾರರೇ ಸಂವಿಧಾನ ತಿದ್ದುಪಡಿಗೆ ಒಪ್ಪಿ, ಹೋಗನ್ ನಂತರದ ಗವರ್ನರ್ ಕಾಲದಿಂದ ಆ ನಿಯಮ ಸಡಿಲಿಸಿದರು. ಈ ನವೆಂಬರಿನಲ್ಲಿ ಅಲ್ಲಿ ತಕ್ಕಡಿ ಮತ ಹಾಕುವವರಿಗೆ 2018ರ ಲೆಕ್ಕ ನಡೆಯೋದಿಲ್ಲ.

ಎಡಬಿಡಂಗಿ:
ಹಾಗಾದ್ರೆ ವೀಟೊ ಗಟ್ಟಿಯಾಗಿ ನಿಂತ ಕಡೆ ಯಾವುದೂ ಇಲ್ವಾ? ಎಲ್ಲಾ ಕಡೆ ಸೋಲೇ?

ಲೆಕ್ಕದಮೇಷ್ಟ್ರು:
ಇದೆ. ಶಾಸನಸಭೆಯ ಬಹುಮತ ತೆಳುವಾಗಿದ್ದ ಕಡೆ ವೀಟೊ ಬಂಡೆ.

ವರ್ಜೀನಿಯ 2024: ರಿಪಬ್ಲಿಕನ್ ಗ್ಲೆನ್ ಯಂಗ್‌ಕಿನ್ ಒಂದೇ ವರ್ಷದಲ್ಲಿ 200ಕ್ಕೂ ಹೆಚ್ಚು ಮಸೂದೆ ತಡೆದರು. ಡೆಮಾಕ್ರಟರ ಬಲ ಕೆಳಮನೆಯಲ್ಲಿ 51-49, ಸೆನೆಟ್‌ನಲ್ಲಿ 21-19. ಬೇಕಿದ್ದದ್ದು 67, 27. ಒಂದೂ ಬೀಳಲಿಲ್ಲ.

ಅರಿಜೋನ: ಡೆಮಾಕ್ರಟ್ ಕೇಟಿ ಹಾಬ್ಸ್ 2023ರಲ್ಲಿ 143, 2025ರಲ್ಲಿ 174 ವೀಟೊ ಹಾಕಿದರು. 2024ರ ಚುನಾವಣೆಯ ನಂತರವೂ ರಿಪಬ್ಲಿಕನ್ನರು 60ರಲ್ಲಿ 33, 30ರಲ್ಲಿ 17. ಮೂರನೇ ಎರಡಕ್ಕೆ ಬಹಳ ದೂರ. ಆದರೆ ಅಲ್ಲಿ ಹಿಂಬಾಗಿಲು ಇದೆ: ಶಾಸನಸಭೆ ಸಾದಾ ಬಹುಮತದಿಂದ ಒಂದು ಪ್ರಸ್ತಾವವನ್ನು ನೇರ ಜನಮತಕ್ಕೆ ಕಳಿಸಬಹುದು, ಗವರ್ನರ್ ಸಹಿಯೇ ಬೇಡ. 2024ರಲ್ಲಿ ಹಾಬ್ಸ್ ತಡೆದ ಗಡಿ-ವಲಸೆ ಮಸೂದೆಯಂಥದ್ದೇ ಪ್ರಸ್ತಾವ 314 ಆಗಿ ಮತಪತ್ರಕ್ಕೆ ಬಂದು ಭಾರಿ ಅಂತರದಲ್ಲಿ ಗೆದ್ದಿತು.

ಕ್ಯಾನ್ಸಸ್ ನಿಲ್ಲುವ ವೀಟೊ, ಬೀಳುವ ವೀಟೊ ಎರಡರ ನಡುವೆ. ಅಪ್ರಾಪ್ತರ ಲಿಂಗ ಪರಿವರ್ತನಾ ಚಿಕಿತ್ಸೆ ನಿಷೇಧಿಸುವ ಮಸೂದೆಗೆ ಕೆಲಿ 2024ರಲ್ಲಿ ವೀಟೊ ಹಾಕಿದಾಗ ಕೆಳಮನೆಯಲ್ಲಿ ಅದನ್ನು ಮುರಿಯಲು ಎರಡು ಮತ ಸಾಲಲಿಲ್ಲ. ನವೆಂಬರ್ ಚುನಾವಣೆಯಲ್ಲಿ ರಿಪಬ್ಲಿಕನ್ನರು 88ಕ್ಕೂ 31ಕ್ಕೂ ಏರಿದರು. 2025ರ ಫೆಬ್ರವರಿಯಲ್ಲಿ ಅದೇ ಬಗೆಯ ಮಸೂದೆ, ಅದೇ ವೀಟೊ. ಈ ಸಲ ಬಿತ್ತು. ಆ ಮಸೂದೆ ಒಳ್ಳೆಯದೋ ಕೆಟ್ಟದ್ದೋ ಇಲ್ಲಿ ಚರ್ಚೆ ಬೇಡ, ದಯವಿಟ್ಟು. ಫಲಿತಾಂಶ ತಿರುಗಿಸಿದ್ದು ಶಾಸಕರ ಸೀಟು, ಆ ವರ್ಷ ಗವರ್ನರ್ ಚುನಾವಣೆಯೇ ಇರಲಿಲ್ಲ ಅನ್ನೋದಷ್ಟೇ ನನ್ನ ಮಾತು.

ಬೆಟ್ಟದಹೂ:
ಇದಕ್ಕೆ ಇನ್ನೊಂದು ಮಗ್ಗುಲಿದೆ. ಸೀಟು ಸಂಖ್ಯೆಯೇ ಮತದಾರನ ಆಯ್ಕೆ ಅಂತ ಎಲ್ಲರೂ ಹಿಡಿದುಕೊಂಡಿದ್ದೀರಿ. 2018ರಲ್ಲಿ ವಿಸ್ಕಾನ್ಸಿನ್ ಡೆಮಾಕ್ರಟರು ರಾಜ್ಯಮಟ್ಟದ ಎಲ್ಲ ಹುದ್ದೆ ಗೆದ್ದರು, ಅಸೆಂಬ್ಲಿ (ಅಲ್ಲಿನ ಕೆಳಮನೆ) ಮತಗಳಲ್ಲೂ ಅರ್ಧಕ್ಕಿಂತ ಹೆಚ್ಚು ಅವರದ್ದೇ. ಸೀಟು? 99ರಲ್ಲಿ 63 ರಿಪಬ್ಲಿಕನ್ನರಿಗೆ. ಅಲ್ಲಿ ಒಡಕು ಸರ್ಕಾರ ತಂದದ್ದು ಮತದಾರನಲ್ಲ, ನಕ್ಷೆ ಗೀಚಿದವನು. 2024ರ ಫೆಬ್ರವರಿಯಲ್ಲಿ ಹೊಸ ನಕ್ಷೆಗೆ ಎವರ್ಸ್ ಸಹಿ ಬಿದ್ದ ಮೇಲೆಯೇ ಸದನದ ಲೆಕ್ಕ ನೆಲಕ್ಕೆ ಹತ್ತಿರ ಬಂತು. ಎವರ್ಸ್ ಈ ಸಲ ನಿಲ್ಲುತ್ತಿಲ್ಲ. ಅಲ್ಲಿ ಗವರ್ನರ್ ಸ್ಥಾನವೂ ಖಾಲಿ, ಸದನವೂ ಯಾರಿಗೆ ಬೇಕಾದರೂ ಹೋಗಬಹುದು. ಯಾವ ತಟ್ಟೆಗೆ ಯಾವ ಕಲ್ಲು ಹಾಕಬೇಕು ಅಂತ ಮೊದಲೇ ಗೊತ್ತಾಗದ ಸ್ಥಿತಿ.

ಕಪಿಲೆ:
ಒಂದು ಬೇರೆ ಕೋನ. ಜನ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ರಾಜ್ಯ ಶಾಸನಸಭೆಯನ್ನಲ್ಲ, ವಾಷಿಂಗ್ಟನ್ ಅನ್ನು ಇಡುತ್ತಾರೆ. ವರ್ಜೀನಿಯದಲ್ಲಿ ಅಧ್ಯಕ್ಷ ಚುನಾವಣೆಯ ಮರುವರ್ಷ ಗವರ್ನರ್ ಚುನಾವಣೆ. 1977ರಿಂದ ಇವತ್ತಿನವರೆಗೆ ಅಧ್ಯಕ್ಷರ ಪಕ್ಷ ಅಲ್ಲಿ ಗೆದ್ದದ್ದು ಒಂದೇ ಸಲ, 2013ರಲ್ಲಿ ಟೆರಿ ಮೆಕಾಲಿಫ್. 2025ರಲ್ಲಿ ಡೆಮಾಕ್ರಟ್ ಅಬಿಗೇಲ್ ಸ್ಪಾನ್‌ಬರ್ಗರ್ ಸುಮಾರು 15 ಅಂಶಗಳಿಂದ ಗೆದ್ದರು, ಕೆಳಮನೆಯಲ್ಲೂ 64 ಸೀಟು ಬಂತು. ರಾಜ್ಯದೊಳಗೆ ನೋಡಿದರೆ ಇದು ಸಮತೋಲನಕ್ಕೆ ವಿರುದ್ಧ, ಎಲ್ಲವನ್ನೂ ಒಂದೇ ಪಕ್ಷಕ್ಕೆ ಕೊಟ್ಟರು. ದೇಶದ ಮಟ್ಟದಲ್ಲಿ ನೋಡಿದರೆ ಅದೇ ಸಮತೋಲನ. ನ್ಯೂ ಜೆರ್ಸಿಯಲ್ಲಿ ಡೆಮಾಕ್ರಟ್ ಮಿಕಿ ಶೆರಿಲ್ ಗೆದ್ದು ಒಂದೇ ಪಕ್ಷ ಸತತ ಮೂರನೇ ಸಲ ಗವರ್ನರ್ ಸ್ಥಾನ ಹಿಡಿಯಿತು. 1961ರ ನಂತರ ಅಲ್ಲಿ ಹಾಗಾಗಿರಲಿಲ್ಲ.

ನಮ್ಮಲ್ಲೂ ಈ ಬುದ್ಧಿ ಹೊಸದಲ್ಲ. 1984ರ ಡಿಸೆಂಬರಿನಲ್ಲಿ ಲೋಕಸಭೆಗೆ ಕರ್ನಾಟಕ 28ರಲ್ಲಿ 24 ಕಾಂಗ್ರೆಸ್‌ಗೆ ಕೊಟ್ಟಿತು, ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು ಹೊಸ ಚುನಾವಣೆಗೆ ಹೋದರು, 1985ರ ಮಾರ್ಚ್‌ನಲ್ಲಿ ಅದೇ ಜನ ಜನತಾ ಪಕ್ಷಕ್ಕೆ 224ರಲ್ಲಿ 139 ಕೊಟ್ಟರು. 2023ರಲ್ಲಿ ವಿಧಾನಸಭೆಯಲ್ಲಿ ಕಾಂಗ್ರೆಸ್ 135. ಮರುವರ್ಷ ಲೋಕಸಭೆಯಲ್ಲಿ 9.

ದಕ್ಷಿಣಾಯನ:
ಹೋಲಿಕೆ ಚೆಂದ, ಆದರೆ ಅರ್ಧ ಮಾತ್ರ ಕೂರುತ್ತೆ. 1985ರಲ್ಲಿ ಜನ ದಿಲ್ಲಿಗೆ ಒಬ್ಬರನ್ನು, ಬೆಂಗಳೂರಿಗೆ ಒಬ್ಬರನ್ನು ಆರಿಸಿದರು. ಬೆಂಗಳೂರಿನೊಳಗೆ ಅಧಿಕಾರ ಒಡೆಯಲಿಲ್ಲ. ನಮ್ಮ ಪದ್ಧತಿಯಲ್ಲಿ ಮುಖ್ಯಮಂತ್ರಿಯನ್ನೂ ಸದನವನ್ನೂ ಬೇರೆ ಬೇರೆ ಪಕ್ಷಕ್ಕೆ ಕೊಡುವ ಗುಂಡಿಯೇ ಇಲ್ಲ. ಅಮೆರಿಕದವರಿಗೆ ಒಂದೇ ಕಾಗದದಲ್ಲಿ ಎತ್ತನ್ನು ಏರಿಗೆ, ಕೋಣವನ್ನು ನೀರಿಗೆ ಕಟ್ಟುವ ಅವಕಾಶ ಇದೆ.

ಸೀಮೆಸುಣ್ಣ:
ಮತಪತ್ರದ ಬಗ್ಗೆ ಕೆಲವು ಕೆಲಸಕ್ಕೆ ಬರುವ ಮಾತು, ಅಲ್ಲಿ ಪೌರತ್ವ ಪಡೆದ ಕನ್ನಡಿಗರಿಗಾಗಿ.

ಅಲಬಾಮ, ಇಂಡಿಯಾನ, ಕೆಂಟಕಿ, ಮಿಷಿಗನ್, ಒಕ್ಲಹಾಮ, ಸೌತ್ ಕೆರೊಲಿನದಲ್ಲಿ "ಇಡೀ ಪಕ್ಷಕ್ಕೆ ಮತ" ಅನ್ನುವ ಒಂದೇ ಗುರುತು ಇರುತ್ತದೆ. ಅದನ್ನು ತುಂಬಿದರೆ ಆ ಪಕ್ಷದ ಎಲ್ಲ ಅಭ್ಯರ್ಥಿಗಳಿಗೂ ಹೋಗುತ್ತದೆ. ಮಿಷಿಗನ್, ಕೆಂಟಕಿಯಲ್ಲಿ ಅದನ್ನು ತುಂಬಿಯೂ ಗವರ್ನರ್ ಸಾಲಿನಲ್ಲಿ ಬೇರೆ ಪಕ್ಷದವರಿಗೆ ಗುರುತು ಹಾಕಿದರೆ, ಆ ಒಂದು ಸಾಲಿಗೆ ನಿಮ್ಮ ಪ್ರತ್ಯೇಕ ಗುರುತೇ ನಡೆಯುತ್ತದೆ. ಗೊಂದಲ ಬೇಡವೆಂದರೆ ಮೇಲಿನ ಗುರುತನ್ನು ಖಾಲಿ ಬಿಟ್ಟು ಸಾಲು ಸಾಲಾಗಿ ತುಂಬಿ. ಪಕ್ಷೇತರ ಸಾಲುಗಳು (ಕೆಲವು ನ್ಯಾಯಾಧೀಶರು, ಶಾಲಾ ಮಂಡಳಿ) ಆ ಒಂದೇ ಗುರುತಿನಲ್ಲಿ ಸೇರುವುದಿಲ್ಲ, ಹಾಳೆ ತಿರುಗಿಸಿ ನೋಡಬೇಕು.

ಯಾವ ವರ್ಷ ಯಾವ ಸದನ ಅನ್ನೋದನ್ನೂ ನೋಡಿಕೊಳ್ಳಿ. ಕೆಂಟಕಿಯಲ್ಲಿ ಗವರ್ನರ್ ಬೆಸ ವರ್ಷದಲ್ಲಿ, ಶಾಸಕರು ಸಮ ವರ್ಷದಲ್ಲಿ. ಒಂದೇ ಕಾಗದದಲ್ಲಿ ತೂಗಿಸಲು ಆಗುವುದೇ ಇಲ್ಲ. ಕ್ಯಾನ್ಸಸ್‌ನಲ್ಲಿ ಗವರ್ನರ್ ಜೊತೆ ಕೆಳಮನೆ ಮಾತ್ರ. ಇಡೀ ಸೆನೆಟ್ ಅಧ್ಯಕ್ಷ ಚುನಾವಣೆಯ ವರ್ಷಕ್ಕೆ. ವರ್ಮಾಂಟ್, ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಗವರ್ನರ್ ಅವಧಿ ಎರಡೇ ವರ್ಷ, ಎಲ್ಲ ಒಟ್ಟಿಗೆ.

ಎಚ್-1ಬಿ, ಗ್ರೀನ್ ಕಾರ್ಡ್ ಇರುವವರು ಗವರ್ನರ್ ಚುನಾವಣೆಯಲ್ಲಿ ಮತ ಹಾಕುವಂತಿಲ್ಲ. ಚಾಲನಾ ಪರವಾನಗಿ ಅರ್ಜಿಯಲ್ಲಿ ಮತದಾರರ ನೋಂದಣಿಯ ಪ್ರಶ್ನೆಯೂ ಇರುತ್ತದೆ. ಅಭ್ಯಾಸಬಲದಿಂದ "ಹೌದು" ಒತ್ತಿದರೆ ಮುಂದೆ ಪೌರತ್ವ ಅರ್ಜಿಗೇ ಕಂಟಕ.

ಕಪಿಲೆ:
ಮಿಷಿಗನ್ ಅಂದಿರಿ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2018ರಲ್ಲಿ ಅಲ್ಲಿ ಗವರ್ನರ್ ಸ್ಥಾನಕ್ಕೆ ಡೆಮಾಕ್ರಟಿಕ್ ಟಿಕೆಟ್ ಕೇಳಿದ್ದರು. ಪಕ್ಷದೊಳಗಿನ ಚುನಾವಣೆಯಲ್ಲಿ ಮೂರನೆಯವರಾದರು, ಗೆದ್ದದ್ದು ಗ್ರೆಚನ್ ವಿಟ್ಮರ್. ಈಗ ಥಾಣೇದಾರ್ ಡೆಟ್ರಾಯಿಟ್ ಕಡೆಯಿಂದ ಅಮೆರಿಕದ ಕಾಂಗ್ರೆಸ್ (ಸಂಸತ್ತು) ಸದಸ್ಯ.

ತುಂಗಾತೀರ:
ಮೊದಲ ಪೋಸ್ಟಿನಲ್ಲಿ ವರ್ಮಾಂಟ್ ಹೆಸರೆತ್ತಿದ್ದೆ, ಯಾರೂ ಮುಟ್ಟಲಿಲ್ಲ. ಅಲ್ಲಿ ತಕ್ಕಡಿ ತೂಗಿತೋ ಇಲ್ಲವೋ?

ಮಂಜಿನಮನೆ:
ಎಂಟು ವರ್ಷ ತೂಗಿದ್ದು ಅರ್ಧಂಬರ್ಧ, ಆಮೇಲೆ ತೂಗಿತು. ಸ್ಕಾಟ್ 2016ರಿಂದ ಗೆಲ್ಲುತ್ತಲೇ ಬಂದರು, 2022ರಲ್ಲಿ ಶೇ 71. ಆದರೆ ಅದೇ ಮತದಾರರು ಶಾಸನಸಭೆಯಲ್ಲಿ ಡೆಮಾಕ್ರಟ್ ಮತ್ತು ಪ್ರೋಗ್ರೆಸಿವ್ ಪಕ್ಷಗಳಿಗೆ ಮೂರನೇ ಎರಡಕ್ಕಿಂತ ಹೆಚ್ಚು ಕೊಟ್ಟರು. 2023ರಲ್ಲಿ ಬಜೆಟ್ ವೀಟೊವನ್ನೂ ಮನೆ ಬಿಸಿಮಾಡುವ ಇಂಧನ ಕಾಯ್ದೆಯ ವೀಟೊವನ್ನೂ ಮುರಿದರು. 2024ರ ಜೂನ್‌ನಲ್ಲಿ ಶಾಲಾ ಖರ್ಚಿಗಾಗಿ ಆಸ್ತಿ ತೆರಿಗೆ ಸರಾಸರಿ ಶೇ 13.8 ಏರಿಸುವ ಮಸೂದೆಗೆ ಸ್ಕಾಟ್ ವೀಟೊ ಹಾಕಿದರು, ಅದೂ ಬಿತ್ತು. ತೆರಿಗೆ ಬಿಲ್ಲು ಮನೆಮನೆಗೆ ಹೋಯಿತು.

ಆ ನವೆಂಬರಿನಲ್ಲಿ ಸ್ಕಾಟ್ ಸುಮ್ಮನೆ ತಮಗಾಗಿ ಮತ ಕೇಳಲಿಲ್ಲ. ಸೆನೆಟ್, ಕೆಳಮನೆ ಅಭ್ಯರ್ಥಿಗಳ ಜೊತೆ ಊರೂರು ತಿರುಗಿ, "ನನ್ನ ವೀಟೊ ನಿಲ್ಲಬೇಕಾದರೆ ಇವರು ಬೇಕು" ಅನ್ನೋದನ್ನೇ ಮುಂದಿಟ್ಟರು. ಸೆನೆಟ್‌ನಲ್ಲಿ ರಿಪಬ್ಲಿಕನ್ನರು 7ರಿಂದ 13ಕ್ಕೆ ಏರಿದರು, ಬೇಕಿದ್ದದ್ದು 11. ಕೆಳಮನೆಯಲ್ಲಿ 56, ಬೇಕಿದ್ದದ್ದು 51. ಲೆಫ್ಟಿನೆಂಟ್ ಗವರ್ನರ್ (ಉಪ ಗವರ್ನರ್) ಸ್ಥಾನವೂ ರಿಪಬ್ಲಿಕನ್ನರಿಗೆ ಹೋಯಿತು. 2025ರ ಜುಲೈನಲ್ಲಿ ಶಾಲಾ ಹಣಕಾಸು ಸುಧಾರಣೆಯ ಕಾಯ್ದೆ ಎರಡೂ ಕಡೆ ಚೌಕಾಸಿ ಮಾಡಿ ಬಂತು. ಎರಡೂ ಕಡೆ ಗೊಣಗಿದವರಿದ್ದರು.

ಬೆಟ್ಟದಹೂ:
ಮೇರಿಲ್ಯಾಂಡ್‌ನಲ್ಲಿ ಐದು ಸೀಟು ಕೇಳಿ ಒಂದು ಬಂತು, ವರ್ಮಾಂಟ್‌ನಲ್ಲಿ ಕೇಳಿದ್ದಕ್ಕಿಂತ ಹೆಚ್ಚೇ ಬಂತು. ವ್ಯತ್ಯಾಸ ತೆರಿಗೆ ಬಿಲ್ಲಿನದ್ದು ಅನ್ನಿಸುತ್ತೆ. 2018ರಲ್ಲಿ ಮೇರಿಲ್ಯಾಂಡ್‌ನವರ ತಲೆಯಲ್ಲಿದ್ದದ್ದು ಟ್ರಂಪ್, ಕಪಿಲೆ ಹೇಳಿದ ಆ ಇನ್ನೊಂದು ತಟ್ಟೆ. ಗವರ್ನರ್ ಚೆನ್ನಾಗಿದ್ದಾನೆ, ಇಟ್ಟುಕೊಳ್ಳೋಣ. ಅವನ ಪಕ್ಷ ಬೇಡ, ಅಷ್ಟೇ.

ಲೆಕ್ಕದಮೇಷ್ಟ್ರು:
ನಾರ್ತ್ ಕೆರೊಲಿನದಲ್ಲಿ 71 ಅಂದಿದ್ದಕ್ಕೆ ಒಂದು ಸೇರ್ಪಡೆ. 2024ರಲ್ಲಿ ಡೆಮಾಕ್ರಟ್ ಜಾಶ್ ಸ್ಟೈನ್ ಸುಮಾರು 15 ಅಂಶಗಳಿಂದ ಗೆದ್ದರು, ಅದೇ ದಿನ ರಾಜ್ಯ ಟ್ರಂಪ್‌ಗೆ ಹೋಯಿತು. ಎದುರಾಳಿ ಮಾರ್ಕ್ ರಾಬಿನ್ಸನ್ ಮೇಲಿನ ವಿವಾದಗಳೇ ಅಷ್ಟಿದ್ದವು, ಅದನ್ನು ತಕ್ಕಡಿ ಅನ್ನಲಾಗದು. ಒಂದು ಸೀಟು ಕಡಿಮೆ ಇದ್ದರೂ 2025ರ ಜುಲೈ ಕೊನೆಯಲ್ಲಿ ಸ್ಟೈನ್ ಹಾಕಿದ 14 ವೀಟೊಗಳಲ್ಲಿ 8 ಬಿದ್ದವು, ಕೆಲವು ಡೆಮಾಕ್ರಟರು ಆಚೆ ಮತ ಹಾಕಿದ್ದರಿಂದ. ಹಾಗಾಗಿ ನನ್ನ ಪಟ್ಟಿಯ 49 ಅನ್ನೋದಕ್ಕೆ ಕನಿಷ್ಠ ಮೂರು ನಾಲ್ಕು ಸೇರಿಸಿಕೊಂಡು ಓದಿ.